ಐದನೆಯ ಪುಟದ ಹೆಬ್ಬೆರಳಿಗೆ

ಸನ್ಮಾನ್ಯ ಹೆಬ್ಬೆರಳಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಸಾಲ್ಟ್‌ಪಾಂಡ್ ಊರಿನ ನಿವೃತ್ತ ಭೂಗೋಳ ಮಾಸ್ತರನಾದ ಕೊಬಿನಾ ಎಸಿಲ್ಫಿ ಎಂಬ ನಾನು, ಮೊದಲಿಗೆ ತಮ್ಮ ಕ್ಷೇಮವನ್ನೂ, ತಮ್ಮ ನೆರೆಯ ನಾಲ್ಕು ಬೆರಳುಗಳ ಕ್ಷೇಮವನ್ನೂ, ಅವುಗಳ ಹಿಂದೆ ಎಲ್ಲೋ ಇರಬಹುದಾದ ಮನುಷ್ಯರ ಕ್ಷೇಮವನ್ನೂ ವಿಚಾರಿಸುತ್ತೇನೆ. ನಾವಿಬ್ಬರೂ ಮುಖತಃ ಭೇಟಿಯಾಗಿಲ್ಲ; ಆದರೂ ಕಳೆದ ಎರಡು ತಿಂಗಳಿಂದ ದಿನಕ್ಕೆರಡು ಬಾರಿ ತಮ್ಮ ದರ್ಶನ ಪಡೆಯುತ್ತಿರುವುದರಿಂದ, ಉಗುರಿನ ಬುಡದ ಅರ್ಧಚಂದ್ರದಿಂದ ಹಿಡಿದು ಗೆಣ್ಣಿನ ಮೇಲಿನ ಮೂರು ಗೆರೆಗಳವರೆಗೆ ತಾವು ನನಗೆ ನನ್ನ ಸ್ವಂತ ಬೆರಳಿಗಿಂತ ಹೆಚ್ಚು ಪರಿಚಿತರು.

ತಾವು ಎಲ್ಲಿ ನೆಲೆಸಿದ್ದೀರೆಂಬುದು ಮರೆತಿದ್ದರೆ ನೆನಪಿಸುತ್ತೇನೆ. ಹಳೆಯ ಪತ್ರಿಕೆಗಳ ಪುಟಪುಟವನ್ನೂ ಫೋಟೊ ತೆಗೆದು ಅಂತರ್ಜಾಲಕ್ಕೆ ಏರಿಸಿರುವ ಆ ಮಹಾ ದಾಖಲೆ ಭಂಡಾರದಲ್ಲಿ, ೧೯೬೧ರ ಆಗಸ್ಟ್ ತಿಂಗಳ ಒಂದು ಶನಿವಾರದ ಸಂಚಿಕೆಯ ಐದನೆಯ ಪುಟಕ್ಕೆ ತಾವು ಎಡಗಡೆಯ ಅಂಚಿನಿಂದ ಪ್ರವೇಶಿಸಿದ್ದೀರಿ. ಹಾಳೆ ಮಡಚಿಕೊಳ್ಳದಿರಲೆಂದು ಒತ್ತಿ ಹಿಡಿದವರು ಕ್ಯಾಮೆರಾ ಕಣ್ಣು ಮಿಟುಕಿಸುವ ಮೊದಲು ಸರಿಯುವುದನ್ನು ಮರೆತಿರಿ. ಅದೇ ಪುಟದಲ್ಲಿ ಸೋಪಿನ ಜಾಹೀರಾತಿದೆ, ಬಂದರಿಗೆ ಬಂದ ಹಡಗುಗಳ ಪಟ್ಟಿಯಿದೆ, ಒಬ್ಬ ಮಂತ್ರಿಯ ಭಾಷಣ ಎರಡು ಕಾಲಂ ತುಂಬ ಕಾಲು ಚಾಚಿ ಮಲಗಿದೆ; ಇವುಗಳಲ್ಲಿ ಯಾವುದರ ಮೇಲೆ ತಾವು ವಿಶ್ರಮಿಸಿದ್ದರೂ ದೇಶ ತಮಗೆ ಕೃತಜ್ಞವಾಗಿರುತ್ತಿತ್ತು. ತಾವು ಆರಿಸಿಕೊಂಡದ್ದು ನನ್ನ ಸೋದರತ್ತೆಯ ಮುಖವನ್ನು.

ಅತ್ತೆಯ ಹೆಸರು ಎಕುವಾ ಬೆಂಟ್ಸಿವಾ, ವಯಸ್ಸು ಎಂಬತ್ತಾರು. ೧೯೬೧ರ ಆ ವರ್ಷ ಒಣಮೀನು ತುಂಬಿದ ಲಾರಿಯಲ್ಲಿ ಅವಳು ಕುಮಾಸಿ ಸಂತೆಗೆ ಹೊರಟಿದ್ದಾಗ, ಅರ್ಧದಾರಿಯ ಅಸಿನ್ ಫೋಸುವಿನಲ್ಲಿ ಡ್ರೈವರನಿಗೆ ಚಳಿಜ್ವರ ಬಂದು ಆತ ಮೀನಿನ ಮೂಟೆಗಳ ನಡುವೆ ಮಲಗಿಬಿಟ್ಟ. ಲಾರಿ ಓಡಿಸುವುದನ್ನು ಅದುವರೆಗೆ ಕಣ್ಣಿನಿಂದ ಮಾತ್ರ ಕಲಿತಿದ್ದ ಅತ್ತೆ ಎಡಗಾಲಿನ ಚಪ್ಪಲಿ ಕಳಚಿ ಕ್ಲಚ್ ಮೇಲೆ ಪಾದವಿಟ್ಟು, ಮೀನಿಗೂ ಡ್ರೈವರನಿಗೂ ಕುಮಾಸಿ ತೋರಿಸಿದಳು. ಲಾರಿಯ ಹಣೆಯ ಮೇಲೆ 'ಹೊಟ್ಟೆಕಿಚ್ಚಿಗೆ ಮದ್ದಿಲ್ಲ' ಎಂದು ಬರೆದಿತ್ತಂತೆ. ಪತ್ರಿಕೆಯವರು ಬಂದು ಫೋಟೊ ತೆಗೆದರು, ಅಚ್ಚು ಹಾಕಿದರು. ಇಂದಿಗೂ ಅತ್ತೆ ಸೂಜಿಗೆ ದಾರ ಪೋಣಿಸಬೇಕಾದರೆ ಮೊದಲು ಎಡಗಾಲಿನ ಚಪ್ಪಲಿ ಬಿಡುತ್ತಾಳೆ.

ಆ ಪತ್ರಿಕೆ ನಮ್ಮ ಮನೆಯಲ್ಲಿ ಒಂದು ವಾರವಷ್ಟೇ ಇತ್ತು. ನಮ್ಮೂರಲ್ಲಿ ಪತ್ರಿಕೆಗೆ ಎರಡು ಜನ್ಮ, ಮೊದಲನೆಯದರಲ್ಲಿ ಸುದ್ದಿ, ಎರಡನೆಯದರಲ್ಲಿ ಎಣ್ಣೆ. ಅಕ್ಷರ ತಿಳಿಯದ ನಮ್ಮಜ್ಜಿ ಬಾಣಲೆಯಿಂದ ತೆಗೆದ ಬಿಸಿಬಿಸಿ ಬೋಫ್ರೊ ಉಂಡೆಗಳನ್ನು ಮಗಳ ಕೀರ್ತಿಯಲ್ಲೇ ಸುತ್ತಿ ಗಿರಾಕಿಗಳಿಗೆ ಹಂಚಿಬಿಟ್ಟಳು. ಅಂದಿನಿಂದ ಅತ್ತೆ ಹೇಳುವುದು, ಊರು ನಗುವುದು ನಡೆದುಬಂದಿದೆ. ನಗುವವರ ಮುಂದಾಳು ಅತ್ತೆಯ ಒಂದು ಕಾಲದ ಜೀವದ ಗೆಳತಿ, ಈಗ ಮೂರು ಮನೆಯಾಚೆಯ ವೈರಿ ಅರಾಬಾ ಮಾನ್ಸಾ. "ಇವಳು ಲಾರಿ ಓಡ್ಸಿದ್ಲಂತೆ! ಲಾರಿ ಹಿಂದೆ ಓಡಿರ್ಬೇಕು, ಚಿಲ್ಲರೆ ಈಸ್ಕೊಳ್ಳೋಕೆ," ಎನ್ನುವುದು ಅರವತ್ತು ವರ್ಷಗಳಿಂದ ಆಕೆಯ ಮಾಮೂಲಿ ಮಾತು.

ಈಗ ಅತ್ತೆ ತನ್ನ ಹೋಗುವಿಕೆಯ ಸಿದ್ಧತೆಯಲ್ಲಿದ್ದಾಳೆ. ಗಾಬರಿಯಾಗಬೇಡಿ, ಅವಳು ಆರೋಗ್ಯವಾಗಿದ್ದಾಳೆ. ನಮ್ಮಲ್ಲಿ ಜಾಣರು ಇದನ್ನೆಲ್ಲ ಇತರರ ಕೈಗೆ ಬಿಡುವುದಿಲ್ಲ. ಹೊದಿಸುವ ಬಟ್ಟೆ, ಹಾಡುವ ಕೀರ್ತನೆ, ಅಡುಗೆಯವಳು ಎಲ್ಲವೂ ನಿಗದಿಯಾಗಿವೆ. ಊರ ಗೋಡೆಗಳಿಗೆ ಅಂಟಿಸುವ ಸಾವಿನ ಪೋಸ್ಟರಿನ ಚಿತ್ರ ಮಾತ್ರ ಬಾಕಿ. ಅವಳ ಬಳಿ ಇರುವುದೆಲ್ಲ ನಲವತ್ತು ದಾಟಿದ ಮೇಲಿನ ಫೋಟೊಗಳು, ಮತದಾರರ ಚೀಟಿಯದಂತೂ ಜಪ್ತಿ ಮಾಡಲು ಬಂದವಳ ಹಾಗಿದೆ. ಅವಳು ನನ್ನನ್ನು ಕೂರಿಸಿಕೊಂಡು ಹೇಳಿದ್ದಿಷ್ಟು: "ಇಪ್ಪತ್ತೆರಡ್ರ ನನ್ನ ಮುಖ ನಂಗೇ ಮರ್ತೋಗಿದೆ ಕೊಬಿನಾ. ಪೋಸ್ಟರ್ ಆಮೇಲಿನ ಮಾತು. ಒಂದ್ಸಲ ನೋಡ್ಬೇಕು ನಾನು." ಮೂವತ್ತೈದು ವರ್ಷ ಮಕ್ಕಳಿಗೆ ನದಿ ಪರ್ವತ ಹುಡುಕಿಸಿದವನಿಗೆ ಅತ್ತೆಯ ಮುಖ ಹುಡುಕುವುದು ಕಷ್ಟವೇ ಎಂದು ನಾನೂ ಜಂಬದಿಂದ ಒಪ್ಪಿಕೊಂಡೆ.

ಭಂಡಾರದ ಹುಡುಕು ಪೆಟ್ಟಿಗೆಯಲ್ಲಿ ಅತ್ತೆಯ ಹೆಸರು ಬರೆದರೆ ಅಂಥವರು ಹುಟ್ಟೇ ಇಲ್ಲವೆಂದಿತು. ಲಾರಿ ಎಂದರೆ ನಲವತ್ತೊಂದು ಸಾವಿರ ಪುಟ ತಂದು ಸುರಿಯಿತು. ಕೊನೆಗೆ ಆ ವರ್ಷದ ಸಂಚಿಕೆಗಳನ್ನು ಜನವರಿಯಿಂದ ಒಂದೊಂದಾಗಿ ಮಗುಚುತ್ತ ಇಪ್ಪತ್ತಮೂರನೆಯ ದಿನ ಆಗಸ್ಟಿನ ಆ ಐದನೆಯ ಪುಟ ಮುಟ್ಟಿದೆ. 'ಕುಮಾಸಿಗೆ ಲಾರಿ ತಂದ ಸಾಲ್ಟ್‌ಪಾಂಡ್ ಯುವತಿ' ಎಂಬ ತಲೆಬರಹ ಕಂಡು ಕೂಗಿಕೊಂಡೆ. ಅತ್ತೆ ಕನ್ನಡಕ ಒರೆಸಿಕೊಂಡು, ತಲೆವಸ್ತ್ರ ಸರಿಮಾಡಿಕೊಂಡು, ನೆಂಟರನ್ನು ಎದುರುಗೊಳ್ಳುವವಳಂತೆ ಬಂದು ಕೂತಳು. ಕೂತವಳಿಗೆ ಕಂಡವರು ತಾವು.

ಅವಳು ಬಹಳ ಹೊತ್ತು ತಮ್ಮನ್ನೇ ನೋಡಿದಳು. ನಮ್ಮಲ್ಲಿ ಹಿರಿಯರಿಗೆ ಹೆಬ್ಬೆರಳು ತೋರಿಸುವುದೇ ಬೈಗುಳ ಎಂಬುದು ತಮಗೆ ತಿಳಿದೇ ಇದೆ. ಅವಳು ಅದನ್ನೂ ಕ್ಷಮಿಸುತ್ತಿದ್ದಳೇನೋ, ಆದರೆ ಉಗುರು ವಾಲಿದ ಬಗೆ ನೋಡಿ, "ಎಡಗೈ! ನನ್ನ ಮುಖದ ಮೇಲೆ ಎಡಗೈ ಇಟ್ಟಿದಾನಲ್ಲೋ, ನೀರು ಕೊಡೋಕೂ ಯಾರೂ ಚಾಚದ ಕೈ!" ಎಂದು ಎದ್ದು ಹೋದಳು. ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಮಾನ್ಯರೇ, ನನಗೆ ನಿಜವಾಗಿ ಸಂಕಟವಾಯಿತು.

ಭಂಡಾರದವರಿಗೆ ದೂರು ಬರೆದೆ. ಪುಟದ ಗುಣಮಟ್ಟ ಅತ್ಯುತ್ತಮವಾಗಿದೆಯೆಂದೂ, ಚಿತ್ರದಲ್ಲಿ ಮನುಷ್ಯರ ಮುಖ ಕಂಡುಬಂದಿಲ್ಲವೆಂದೂ ಉತ್ತರ ಬಂತು. ಎರಡೂ ಸತ್ಯ. ಮೂಲ ಪ್ರತಿಯನ್ನಾದರೂ ತೋರಿಸಿ ಎಂದು ಬೇಡಿದೆ. ಅದು ಶಿಥಿಲವಾಗಿರುವುದರಿಂದ ಯಾರಿಗೂ ತೆರೆಯುವುದಿಲ್ಲ, ನೋಡುವವರು ಅಂತರ್ಜಾಲದ ಪ್ರತಿಯನ್ನೇ ನೋಡತಕ್ಕದ್ದು ಎಂದರು. ಹೀಗೆ ಪುಟವನ್ನು ನಮಗಾಗಿ ಕಾಪಾಡಿದ ತಾವೇ ನಮ್ಮಿಂದಲೂ ಅದನ್ನು ಕಾಪಾಡುತ್ತಿದ್ದೀರಿ. ಇಂಥ ಪಹರೆ ನಮ್ಮೂರ ಕೋಟೆಗೂ ಇರಲಿಲ್ಲ.

ಸುದ್ದಿ ಮೂರು ಮನೆ ದಾಟಿತು. ಅರಾಬಾ ಮಾನ್ಸಾ ಊರುಗೋಲು ಕುಟ್ಟುತ್ತ, ನಗಲೆಂದೇ ಭಾನುವಾರದ ಉಡುಪು ತೊಟ್ಟು ಬಂದಳು. "ಎಲ್ಲಿ, ತೋರ್ಸಪ್ಪಾ ನಿಮ್ಮತ್ತೇನ. ಓಹೋ, ಇದೇನಾ? ಸ್ವಲ್ಪ ದಪ್ಪ ಆಗಿದ್ಲು ಅನ್ಸುತ್ತೆ," ಎಂದಳು. ಅತ್ತೆ ಗೋಡೆ ಕಡೆ ತಿರುಗಿದಳು. ನಾನು ಅವಮಾನ ತಪ್ಪಿಸಲು ಪರದೆಯನ್ನು ಸರಿಸಿ ತಮ್ಮ ಕೆಳಗಿನ ಚಿತ್ರದ ಭಾಗ ತೋರಿಸಿದೆ. ಲಾರಿಯ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲೆ ಎರಡು ಪಾದಗಳಿದ್ದವು. ಬಲಗಾಲಲ್ಲಿ ಚಪ್ಪಲಿ, ಎಡಗಾಲು ಬರಿದು. ಮುಖದ ಮೇಲೆ ತಾವಿಲ್ಲದಿದ್ದರೆ ಆ ಕಾಲನ್ನು ನಾವು ಯಾರೂ ನೋಡುತ್ತಿರಲಿಲ್ಲ, ಈ ಉಪಕಾರವನ್ನು ನಾನು ಮರೆಮಾಚುವುದಿಲ್ಲ.

ಅರಾಬಾಳ ನಗು ಅಲ್ಲಿಗೇ ನಿಂತಿತು. ಅವಳು ಊರುಗೋಲು ಗೋಡೆಗೆ ಒರಗಿಸಿ ಕೂತುಕೊಂಡಳು.

"ಆ ಚಪ್ಪಲಿ ನನ್ನ ತೊಡೆ ಮೇಲಿತ್ತು ಕಣೇ," ಎಂದಳು. "ಫೋಸುವಿಂದ ಕುಮಾಸಿವರ್ಗೂ ನಾನೇ ಹಿಡ್ಕೊಂಡಿದ್ದೆ. ಫೋಟೊ ತೆಗೀವಾಗ್ಲೂ ಒಳಗಡೆ ಸೀಟಿಂದ ನಿನ್ ಪಕ್ಕಕ್ಕೇ ಮುಖ ಚಾಚಿದ್ದೆ, ಹಲ್ಲು ಕಿರ್ಕೊಂಡು. ಪೇಪರ್ನಲ್ಲಿ ಕೆಳಗಡೆ ನಿನ್ ಹೆಸ್ರು ಒಂದೇ ಹಾಕಿದ್ರು. ನೀನೂ ಎಲ್ರಿಗೂ ಹೇಳ್ತಾ ಬಂದೆ, ನಾನ್ ಹೋದೆ, ನಾನ್ ಓಡ್ಸ್ದೆ ಅಂತ. ನಾನಿದ್ದೆ ಅಂತ ಒಂದಿನಾ ಅನ್ಲಿಲ್ಲ."

"ಆಗ್ಲೇ ಹೇಳ್ಬಾರ್ದಿತ್ತೇನೇ?"

"ನೀನ್ ಆಗ್ಲೇ ಕೇಳ್ಬಾರ್ದಿತ್ತೇನೇ?"

ಅರವತ್ತನಾಲ್ಕು ವರ್ಷಗಳ ಜಗಳ ಹೀಗೆ ಎರಡು ವಾಕ್ಯಗಳಲ್ಲಿ ಮುಗಿಯಿತು, ನಾನು ಮೀನಿನ ಸಾರಿಗೆ ಇನ್ನೊಂದು ತಟ್ಟೆ ಹಾಕಿದೆ. ಈಗ ಅವರಿಬ್ಬರೂ ದಿನಾ ಬೆಳಿಗ್ಗೆ ಸಂಜೆ ನನ್ನ ಮೇಜಿನ ಮುಂದೆ ಅಕ್ಕಪಕ್ಕ ಕೂತು ತಮ್ಮನ್ನು ನೋಡುತ್ತಾರೆ. ತಮ್ಮ ಉಗುರಿನ ಕೆಳಗೆ ಯಾರು ಎಡಕ್ಕೆ, ಯಾರು ಬಲಕ್ಕೆ, ಯಾರು ಹೆಚ್ಚು ಚೆಲುವೆ ಎಂಬ ಬಗ್ಗೆ ಹೊಸ ಜಗಳ ಶುರುವಾಗಿದೆ.

ಆದ್ದರಿಂದ ಮಾನ್ಯರೇ, ನನ್ನ ವಿನಂತಿ ಚಿಕ್ಕದು. ತಾವು ಫೋಟೊದೊಳಗಿಂದಲೇ ಒಂದು ಅಂಗುಲ ಎಡಕ್ಕೆ ಸರಿಯಲು ಸಾಧ್ಯವಾದರೆ ಅದೇ ಉತ್ತಮ. ಆಗದಿದ್ದಲ್ಲಿ, ತಮ್ಮ ಹಿಂದಿರುವ ಮನುಷ್ಯರನ್ನು ಒಪ್ಪಿಸಿ ಆ ಸಂಪುಟವನ್ನು ಇನ್ನೊಂದೇ ಒಂದು ಸಲ ತೆರೆಸಿ. ಮಂತ್ರಿಯ ಭಾಷಣದ ಮೇಲೆ ತಾವು ಎಷ್ಟು ಹೊತ್ತು ಬೇಕಾದರೂ ಕೂತಿರಿ, ನಾವು ಚಕಾರವೆತ್ತುವುದಿಲ್ಲ. ಸ್ವಲ್ಪ ಬೇಗ ಮಾಡಿ. ಕಾಗದ ಶಿಥಿಲವಾಗಿದೆ ನಿಜ. ಕಾಯುತ್ತಿರುವವರು ಕಾಗದಕ್ಕಿಂತ ಇಪ್ಪತ್ತೆರಡು ವರ್ಷ ಹಳಬರು.

ತಾವು ಸರಿದರೂ ಸರಿಯದಿದ್ದರೂ ತಮ್ಮ ವಿಶ್ವಾಸಿ,
ಕೊಬಿನಾ ಎಸಿಲ್ಫಿ
ಸಾಲ್ಟ್‌ಪಾಂಡ್

ಮರೆತ ಮಾತು: ತಾವು ಸರಿಯದಿದ್ದಲ್ಲಿ ಇದೇ ಚಿತ್ರವನ್ನು ಹೀಗೆಯೇ ಪೋಸ್ಟರಿಗೆ ಹಾಕುವುದೆಂದು ಅತ್ತೆ ತೀರ್ಮಾನಿಸಿದ್ದಾಳೆ. ಅಷ್ಟು ದೊಡ್ಡದಾಗಿ ಕಾಣುವವರನ್ನು ಕುಟುಂಬದ ಹೊರಗಿಡುವುದು ಸರಿಯಲ್ಲವೆಂದು, ಪೋಸ್ಟರಿನಲ್ಲಿ ಚಿತ್ರದ ಕೆಳಗೆ ಅಚ್ಚಾಗುವ ಮುಖ್ಯ ಶೋಕತಪ್ತರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ತಮ್ಮ ಹೆಸರನ್ನು ಬರೆಸಿದ್ದಾಳೆ. ಮುಖ್ಯ ಶೋಕತಪ್ತರು ಬೆಳಗಿನಿಂದ ಮೊದಲ ಸಾಲಿನಲ್ಲಿ ಕುಳಿತು, ಬಂದ ನೆಂಟರೆಲ್ಲರ ಕೈ ಕುಲುಕಬೇಕು. ನಮ್ಮ ಕಡೆ ಏನಿಲ್ಲವೆಂದರೂ ಎಂಟುನೂರು ಜನ. ದಯವಿಟ್ಟು ಈ ಸಲ ಬಲಗೈಯನ್ನು ಕಳುಹಿಸಿಕೊಡಿ.