ಏಳನೇ ಅಧ್ಯಾಯದಲ್ಲಿ ಗುಣವಾದವನ ಮನವಿ

ಮಾನ್ಯ ಆಪ್ತಸಮಾಲೋಚಕಿಯವರೇ,

ತಮಗೂ, ತಮ್ಮ ಕೋಣೆಯ ಮೆತ್ತನೆಯ ರೆಕ್ಸಿನ್ ಕುರ್ಚಿಗೂ, ಅದರ ಪಕ್ಕದ ಟಿಶ್ಯೂ ಡಬ್ಬಿಗೂ ಅನಂತ ನಮಸ್ಕಾರಗಳು.

ತಮ್ಮ ಆತ್ಮಕಥೆ ಅಂಗಡಿಗೆ ಬರುವ ಮೊದಲೇ ಅದನ್ನು ಓದುವ ಭಾಗ್ಯ ನನ್ನದಾಯಿತು, ಏಕೆಂದರೆ ಅದನ್ನು ಹೊಲಿದವನೇ ನಾನು. ಶಾಲೆ ಬಿಟ್ಟ ಮೇಲೆ ಬೈಂಡಿಂಗ್ ಕೆಲಸಕ್ಕೆ ಸೇರಿದ್ದೇನೆ. ಅಲ್ಲಿ ಪುಸ್ತಕವೆನ್ನುವುದು ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ, ಹಿಂದುಮುಂದಾಗಿ ಕೈಗೆ ಬರುತ್ತದೆ. ಹೀಗಾಗಿ ತಮ್ಮ ರೋಗಿಗಳೆಲ್ಲ ನನ್ನ ಕಣ್ಣೆದುರು ಮೊದಲು ಗುಣವಾಗಿ, ಆಮೇಲೆ ಕಾಯಿಲೆ ಬಿದ್ದರು.

ಏಳನೇ ಅಧ್ಯಾಯದಲ್ಲಿ ಕುರ್ಚಿಯ ರೆಕ್ಸಿನ್ ಕೀಳುತ್ತ ಕೂರುವ ಹುಡುಗ ನಾನೇ. ಗುರುತು ಸಿಗಬಾರದೆಂದು ತಾವು ನನ್ನನ್ನು ಮೂರು ಇಂಚು ಎತ್ತರ ಮಾಡಿದ್ದಕ್ಕೆ ಋಣಿಯಾಗಿದ್ದೇನೆ, ಆದರೆ ನಮ್ಮ ಮನೆಯಲ್ಲಿ ನಾನು ಕಿತ್ತಿಟ್ಟ ಕುರ್ಚಿಗಳನ್ನು ಕಂಡವರಿಗೆ ಆ ವೇಷ ಸಾಲದು. ಕೊನೆಯಲ್ಲಿ ನಾನು ಶಾಲೆಗೆ ಮರಳಿ, ತಮಗೆ ಹೂವು ತಂದುಕೊಡುತ್ತೇನೆ. ಅಂಥ ಒಳ್ಳೆಯ ಹುಡುಗನನ್ನು ದಯವಿಟ್ಟು ಒಮ್ಮೆ ನನಗೂ ಪರಿಚಯಿಸಿಕೊಡಿ.

ಅಪ್ಪನ ಗದರಿಕೆಗೆ ಅಂಜಿ ಶಾಲೆ ಬಿಟ್ಟೆನೆಂದು ಬರೆದಿದ್ದೀರಿ. ನಾನು ಹೇಳಿದ್ದು ಬೇರೆ: ಪರೀಕ್ಷೆಗೆ ನಕಲು ಚೀಟಿ ತಂದವನು ನಾನು, ಅದು ತನ್ನ ಬೆಂಚಿನ ಕೆಳಗೆ ಸಿಕ್ಕಿದ್ದಕ್ಕೆ ಶಾಲೆಯಿಂದ ಹೊರಬಿದ್ದವನು ಪಕ್ಕದಲ್ಲಿದ್ದ ಗೆಳೆಯ; ಆ ಖಾಲಿ ಜಾಗದ ಪಕ್ಕ ನನಗೆ ಕೂರಲಾಗಲಿಲ್ಲ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ತಾವು ಬಹಳ ಹೊತ್ತು ತಲೆಯಾಡಿಸಿದಿರಿ. ಹತ್ತನೇ ಅಧ್ಯಾಯ ಹೊಲಿಯುವಾಗ ತಿಳಿಯಿತು, ಅದೇ ತಿಂಗಳು ತಮ್ಮ ಯಜಮಾನರು ಮನೆ ಬಿಟ್ಟು ಹೋಗಿದ್ದರೆಂದು, ಯಾರು ಏನು ಹೇಳಿದರೂ ತಮ್ಮ ಕಿವಿಗೆ ಬೀಳುತ್ತಿರಲಿಲ್ಲವೆಂದು. ಓದಿ ನಿಜವಾಗಿಯೂ ಮರುಗಿದೆ. ಜೊತೆಗೆ ಬೆರಗೂ ಆಯಿತು: ಕೇಳಿಸಿಕೊಳ್ಳದೆಯೇ ನನ್ನ ಬಗ್ಗೆ ಹದಿನಾಲ್ಕು ಪುಟ ಬರೆಯುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಕಷ್ಟವೇನೆಂದರೆ, ಪುಸ್ತಕ ಅಂಗಡಿಗೆ ಬಂದ ಮೇಲೆ ಅಕ್ಕ ಅದನ್ನು ಕೊಂಡುತಂದು ಆ ಅಧ್ಯಾಯವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದಳು, ಅಪ್ಪ ಕೇಳಿಸಿಕೊಂಡರು. ಲಾರಿ ಗ್ಯಾರೇಜಿನ ಸದ್ದಿನಲ್ಲಿ ದುಡಿದು ಕೂಗುವುದೇ ಮಾತಾಡುವುದಾಗಿದ್ದ ಮನುಷ್ಯ ಈಗ ಮನೆಯೊಳಗೆ ಬೆಕ್ಕಿನಂತೆ ಓಡಾಡುತ್ತಾರೆ. "ಏಳೋ ಸೋಮಾರಿ, ಸೂರ್ಯ ನೆತ್ತಿಗೆ ಬಂದ" ಎನ್ನುತ್ತಿದ್ದವರು, "ನಿಂಗೆ ತೊಂದ್ರೆ ಇಲ್ಲಾಂದ್ರೆ ಒಂದ್ ಲೋಟ ನೀರು ಕೊಡ್ತೀಯಾ, ಮಗಾ" ಎನ್ನುತ್ತಾರೆ. ಮೊನ್ನೆ ಅಕ್ಕನ ಹತ್ತಿರ, "ನಾನು ಅಷ್ಟೊಂದು ಕೆಟ್ಟವ್ನೇನೇ?" ಎಂದು ಕೇಳಿದರಂತೆ.

ಆದ್ದರಿಂದ ಮುಂದಿನ ಮುದ್ರಣದಲ್ಲಿ ನಮ್ಮಪ್ಪನನ್ನು ಖುಲಾಸೆ ಮಾಡಬೇಕೆಂದೂ, ಈಗಾಗಲೇ ಓದಿದವರ ಮನೆಮನೆಗೆ ಹೋಗಿ ತಾವೇ ಕಿವಿಯಲ್ಲಿ ತಿದ್ದುಪಡಿ ಹೇಳಿಬರಬೇಕೆಂದೂ, ಹೂವಿನ ವಿಷಯ ಬೇಕಾದರೆ ಹಾಗೆಯೇ ಉಳಿಸಿಕೊಳ್ಳಬಹುದೆಂದೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ತಮ್ಮ ಅತ್ಯುತ್ತಮ ಫಲಿತಾಂಶ,
ಪುಟ 97ರಿಂದ 110

ಮರೆತ ಮಾತು: ತಮ್ಮ ಉತ್ತರಕ್ಕೆ ಕಾಯುವ ತಾಳ್ಮೆಯಿಲ್ಲದೆ ನಿನ್ನೆ ಅಪ್ಪನಿಗೆ ಎಲ್ಲವನ್ನೂ ನಾನೇ ಹೇಳಿಬಿಟ್ಟೆ. "ಆ ಹುಡ್ಗನ ಮನೆ ಎಲ್ಲಿ? ನಡಿ" ಎಂದು ಚಪ್ಪಲಿ ಮೆಟ್ಟಿದರು. ಇಬ್ಬರೂ ಹೋದೆವು, ಗೆಳೆಯನೇ ಬಾಗಿಲು ತೆರೆದ. ಮುಂದೇನಾಯಿತೆಂದು ತಮಗೆ ಹೇಳುವುದಿಲ್ಲ, ತಾವು ಬರೆದುಬಿಡುತ್ತೀರಿ.