ದಪ್ಪ ಮೇಡಂ ಕ್ಲಾಸು

ನಾಚಿಕೆ ಬಿಡಿ ಅಂತ ಊರಿನ ಹೆಂಗಸರಿಗೆಲ್ಲ ಹೇಳಿಕೊಡುವುದು ನನ್ನ ಕೆಲಸ. ಆ ಕೆಲಸಕ್ಕೆ ಇಳಿದ ಮೇಲೆ ನಾನು ನಾಚಿಕೆಪಟ್ಟಷ್ಟು ಸಕಲೇಶಪುರ ತಾಲ್ಲೂಕಿನಲ್ಲಿ ಇನ್ಯಾರೂ ಪಟ್ಟಿರಲಿಕ್ಕಿಲ್ಲ. ಒಂದನ್ನು ಮರೆತು ತಲೆ ಎತ್ತಿ ಓಡಾಡೋಣ ಅನ್ನುವಷ್ಟರಲ್ಲಿ ಇನ್ನೊಂದು ಬಂದು ತಲೆ ಮೇಲೆ ಬೀಳುತ್ತದೆ.

ನಾನು ಸ್ಕೂಲಿಗೆ ಹೋಗುವಾಗಿನಿಂದಲೂ ದಪ್ಪ. ಗ್ರೂಪ್ ಫೋಟೋ ಅಂದರೆ ಯಾರಾದರೂ ಅಗಲವಾದವರನ್ನು ಹುಡುಕಿ ಅವರ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ನನಗಿಂತ ಅಗಲವಾದವರು ಸಿಗುವುದು ಕಷ್ಟವಾಗಿದ್ದರಿಂದ ಎಷ್ಟೋ ಫೋಟೋದಲ್ಲಿ ನಾನು ಇಲ್ಲವೇ ಇಲ್ಲ. ಮದುವೆಯಾದ ಮೇಲೆ ಮೈಸೂರಿನಲ್ಲಿ ಸ್ವಲ್ಪ ಕಾಲ ಇದ್ದಾಗ ಒಬ್ಬರು ವಯಸ್ಸಾದ ಟೀಚರ್ ಸಿಕ್ಕಿದರು. ಉಸಿರಿನ ಮೇಲೆ ಗಮನ ಇಟ್ಟು ನಿಧಾನವಾಗಿ ಮೈ ಆಡಿಸುವುದು, ಕೊನೆಗೆ ಮನಸ್ಸು ಬಂದ ಹಾಗೆ ಕುಣಿಯುವುದು, ಇಷ್ಟೇ ಅವರು ಹೇಳಿಕೊಡುತ್ತಿದ್ದದ್ದು. ತೆಳ್ಳಗಾಗಲಿಕ್ಕಲ್ಲ, ಇರುವ ಮೈಯಲ್ಲೇ ಸುಖವಾಗಿರಲಿಕ್ಕೆ. ಊರಿಗೆ ವಾಪಸ್ ಬಂದು ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಒಂದು ಕ್ಲಾಸು ಶುರು ಮಾಡಿದೆ. ಅದಕ್ಕೆ ಒಂದು ಚೆಂದದ ಹೆಸರನ್ನೂ ಇಟ್ಟಿದ್ದೆ. ಪೇಟೆಯವರು ಮಾತ್ರ ಕರೆದದ್ದು ದಪ್ಪ ಮೇಡಂ ಕ್ಲಾಸು ಅಂತಲೇ.

ಟೀಚರ್ ಎಲ್ಲಿ?

ಮೊದಲ ವಾರ. ಪೇಟೆಯ ಒಂದು ಹಾಲ್‌ನಲ್ಲಿ ಜಮಖಾನ ಹಾಸಿ ಕಾಯುತ್ತಾ ಕೂತಿದ್ದೆ. ಬಟ್ಟೆ ಅಂಗಡಿಯ ಯಜಮಾನರ ಹೆಂಡತಿ ಬಂದರು. ಹಣೆ ತುಂಬ ವಿಭೂತಿ, ಕೈ ತುಂಬ ಬಳೆ. ಪಕ್ಕದಲ್ಲಿ ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿ ಸಮಾಧಾನದ ಉಸಿರು ಬಿಟ್ಟರು.

"ಸದ್ಯ, ನಾನೊಬ್ಬಳೇ ಅಂದ್ಕಂಡಿದ್ದೆ. ನೀವೂ ಇಳಿಸಾಕೆ ಬಂದ್ರಾ?"

"ಇಲ್ಲಿ ಇಳಿಸೋದು ಅಂತ ಏನಿಲ್ಲ," ಅಂದೆ.

"ಯಾವಾಗಿಂದ ಬರ್ತಾ ಇದೀರಿ?"

"ಶುರುವಿನಿಂದಲೂ ಬರ್ತಿದೀನಿ."

ಅವರು ನನ್ನ ತೋಳು ಹಿಡಿದು ಮೆಲ್ಲಗೆ ಒತ್ತಿ ನೋಡಿದರು, ಹಲಸಿನ ಹಣ್ಣು ನೋಡುವ ಹಾಗೆ. ಆಮೇಲೆ ಕಿವಿ ಹತ್ತಿರ ಬಗ್ಗಿ ಹೇಳಿದರು: "ಏನೂ ಇಳಿದಿಲ್ವಲ್ರೀ! ಈ ಟೀಚರ್ ಸರಿ ಇಲ್ಲ. ಬನ್ನಿ, ಅವರು ಬರೋ ಮುಂಚೆ ಇಬ್ರೂ ಎದ್ದು ಹೋಗ್ಬುಡಣ."

ದೇವಸ್ಥಾನದ ಬೆವರು

ಕ್ಲಾಸಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಲು ಎಲ್ಲರಿಗೂ ನಾಚಿಕೆ. ಹೆಚ್ಚಿನವರು ಚೂಡಿದಾರ ಹಾಕಿ, ಅದರ ಮೇಲೆ ಸೀರೆ ಉಟ್ಟುಕೊಂಡು ಬರುತ್ತಿದ್ದರು. ಹಾಲಿಗೆ ಬಂದ ಮೇಲೆ ಸೀರೆ ಬಿಚ್ಚಿಡುವುದು, ಹೋಗುವಾಗ ಸುತ್ತಿಕೊಳ್ಳುವುದು. ಮೊದಲೇ ಗುಂಡಗಿದ್ದವರು ರಸ್ತೆಯಲ್ಲಿ ಇನ್ನಷ್ಟು ಗುಂಡಗೆ ಕಾಣುತ್ತಿದ್ದರು.

ಅವರಲ್ಲಿ ಒಬ್ಬಳು ಹೊಸದಾಗಿ ಮದುವೆಯಾದ ಸೊಸೆ. ಸಾಯಂಕಾಲ ದೇವಸ್ಥಾನಕ್ಕೆ ಅಂತ ಹೇಳಿ ಬರುತ್ತಿದ್ದಳು. "ಪ್ರದಕ್ಷಿಣೆ ಹಾಕಿದ್ರೆ ಇಷ್ಟು ಬೆವರ್ತಾರೇನೇ?" ಅಂತ ಅತ್ತೆ ಕೇಳಿದ್ದರಂತೆ. "ಭಕ್ತಿ ಅತ್ತೆ," ಅಂದಿದ್ದಳಂತೆ.

ಒಂದು ದಿನ ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಅಂಗಾತ ಮಲಗಿದ್ದರು. ಆಗ ಬಾಗಿಲಲ್ಲಿ ಒಬ್ಬರು ಹಿರಿಯ ಹೆಂಗಸು ಬಂದು ನಿಂತು, "ನಂಗೂ ಮಂಡಿ ಹಿಡ್ಕಂಡೈತೆ, ಕಲೀಬೋದಾ?" ಅಂತ ಪಿಸುಗುಟ್ಟಿದರು. ದೀಪ ಆರಿಸಿದ್ದ ಮಬ್ಬಿನಲ್ಲೇ ಖಾಲಿ ಇದ್ದ ಜಾಗ ತೋರಿಸಿದೆ. ಅವರೂ ಮಲಗಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ, "ನಿಧಾನವಾಗಿ ಬಲಕ್ಕೆ ಹೊರಳಿ, ಕಣ್ಣು ಬಿಡಿ," ಅಂದೆ. ಎಲ್ಲರೂ ಬಲಕ್ಕೆ ಹೊರಳಿದರು. ಹೊಸಬರು ಗೊತ್ತಾಗದೆ ಎಡಕ್ಕೆ ಹೊರಳಿದರು. ಅತ್ತೆ ಸೊಸೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕಣ್ಣು ಬಿಟ್ಟರು.

ನಾನು ಗೋಡೆ ಕಡೆ ತಿರುಗಿಕೊಂಡೆ. ಕೊನೆಗೆ ಸೊಸೆಯ ದನಿ ಸಣ್ಣಗೆ ಕೇಳಿತು: "ಅತ್ತೆ, ನೀವು ಭಜನೆಗೆ ಹೋಗ್ತೀನಿ ಅಂದಿದ್ರಿ?"

"ಬಾಯಿ ಮುಚ್ಕಂಡು ಉಸಿರು ಗಮನಿಸೇ," ಅಂದರು ಅತ್ತೆ.

ಮಾರನೆಯ ದಿನದಿಂದ ಇಬ್ಬರೂ ಒಂದೇ ಆಟೋದಲ್ಲಿ ಬರತೊಡಗಿದರು. ಆ ಮನೆಯ ಮಗ ಸ್ವಲ್ಪ ದಿನದ ಮೇಲೆ ಪೇಟೆಯಲ್ಲಿ ನನ್ನ ಯಜಮಾನರಿಗೆ ಸಿಕ್ಕಿ ಹೇಳಿದನಂತೆ: "ನಮ್ಮನೇಲಿ ಅತ್ತೆ ಸೊಸೆ ಜಗಳಾನೇ ನಿಂತೋಯ್ತು ಕಣ್ರೀ. ದೇವಸ್ಥಾನ ಅಂದ್ರೆ ಅದು ದೇವಸ್ಥಾನ!"

ಹಿಂದಿನ ಸೀಟು

ವನಗೂರು ಕಡೆಯ ಒಂದು ಎಸ್ಟೇಟಿನವರು ವಾರಕ್ಕೊಮ್ಮೆ ಬಂದು ಅಲ್ಲಿಯ ಹೆಂಗಸರಿಗೆ ಹೇಳಿಕೊಡಿ ಅಂದರು. ಮಳೆಗಾಲ, ಕೆಸರಲ್ಲಿ ಜಾರದಿರಲಿ ಅಂತ ಜೀಪಿನ ಚಕ್ರಕ್ಕೆ ಚೈನು ಸುತ್ತುವ ಕಾಲ. ಪೇಟೆಯಿಂದ ಜೀಪು. ನಾನು ಮುಂದೆ ಕೂರಲು ಕಾಲಿಟ್ಟರೆ ಡ್ರೈವರ್ ಕೈ ಅಡ್ಡ ಹಿಡಿದ.

"ಅಕ್ಕೋ, ಮುಂದೆ ಬ್ಯಾಡ. ಹಿಂದ್ಗಡೆ ಕೂತ್ಕಳಿ. ಅದೂ ಕೊನೇಗೆ, ಚಕ್ರದ ಮೇಲಕ್ಕೆ."

ಜೀಪಿನಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಮುಖ ಕೆಂಡದ ಹಾಗೆ ಆಯಿತು. ಹಿಂದೆ ಹೋಗಿ ಕೂತೆ. ದಾರಿಯಲ್ಲಿ ಒಂದು ಕೆಸರಿನ ಏರು ಬಂತು. ನಮ್ಮ ಮುಂದಿದ್ದ ಜೀಪು ಅರ್ಧಕ್ಕೆ ಹೋಗಿ ಚಕ್ರ ತಿರುಗಿಸಿ ತಿರುಗಿಸಿ ಜಾರಿ ಪಕ್ಕಕ್ಕೆ ನಿಂತಿತು. ನಮ್ಮದು ಅದರ ಪಕ್ಕದಲ್ಲೇ ಗುರುಗುಟ್ಟುತ್ತಾ ಹತ್ತಿ ಹೋಯಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಆ ಜೀಪಿನವನಿಗೆ ಕೂಗಿದ: "ನೋಡ್ದಾ ಮಾರಾಯ, ಚೈನೂ ಹಾಕಿಲ್ಲ!"

ಅವತ್ತು ಎಸ್ಟೇಟಿನ ಆಳುಗಳ ಲೈನ್ ಮನೆಗಳ ಹೆಂಗಸರ ಮುಂದೆ, ನಮ್ಮ ನಮ್ಮ ಮೈಗೆ ಅದರದರ ಬೆಲೆ ಇದೆ ಅಂತ ಹೇಳುವಾಗ ನನ್ನ ದನಿ ಯಾವತ್ತಿಗಿಂತ ಗಟ್ಟಿಯಾಗಿತ್ತು. ವಾಪಸ್ ಬರುವಾಗ ಡ್ರೈವರ್ ಕೇಳಿದ: "ಅದೇನು ಕ್ಲಾಸು ಅಕ್ಕೋ?" ವ್ಯಾಯಾಮದ್ದು ಅಂದೆ. ಅವನ ಮುಖ ಸಣ್ಣಗಾಯಿತು.

"ಬ್ಯಾರೆಯೋರ್ಗೆ ಮಾಡ್ಸಿ ಅಕ್ಕ, ಬ್ಯಾಡ ಅನ್ನಲ್ಲ. ಮಳೆ ಮುಗಿಯೋಗಂಟ ನೀವು ಮಾತ್ರ ಮಾಡಕ್ಕೋಗ್ಬ್ಯಾಡಿ."

ಬಚ್ಚಲ ಕನ್ನಡಿ

ಆನೇಮಹಲಿನಿಂದ ಒಬ್ಬಾಕೆ ಬರುತ್ತಿದ್ದಳು. ಮೂರು ಹೆತ್ತ ಹೊಟ್ಟೆ ಅಂತ ಸೆರಗನ್ನು ಎರಡು ಸುತ್ತು ಸುತ್ತಿಕೊಂಡು ಕಂಬದ ಹಿಂದೆಯೇ ನಿಲ್ಲುವವಳು. ಒಂದು ದಿನ ನಾನು ಎಲ್ಲರಿಗೂ ಹೇಳಿದೆ: ದಿನಾ ಕನ್ನಡಿ ಮುಂದೆ ನಿಂತು, ನೀನು ಇರೋ ಹಾಗೇ ಚೆನ್ನಾಗಿದೀಯ, ನಿನ್ನ ಕಂಡ್ರೆ ನಂಗಿಷ್ಟ, ಅಂತ ಬಾಯಿಬಿಟ್ಟು ಹೇಳಿ.

ಮುಂದಿನ ಕ್ಲಾಸಿಗೆ ಆಕೆ ಬಂದವಳು ತಲೆಯನ್ನೇ ಎತ್ತಲಿಲ್ಲ. ಬಲವಂತ ಮಾಡಿದ ಮೇಲೆ ಹೇಳಿದಳು.

ಮನೆಯಲ್ಲಿ ಇದ್ದದ್ದು ಗಂಡನ ಗಡ್ಡ ಹೆರೆಯುವ ಕನ್ನಡಿ ಒಂದೇ. ಅದನ್ನು ಬಚ್ಚಲಿಗೆ ತೆಗೆದುಕೊಂಡು ಹೋಗಿ ಚಿಲಕ ಹಾಕಿಕೊಂಡು, ಕಣ್ಣಲ್ಲಿ ನೀರು ಬಂದರೂ ಬಿಡದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದ್ದಾಳೆ. ಹಂಡೆಯ ಒಲೆ ಬಚ್ಚಲ ಗೋಡೆಯ ಆಚೆ. ಅಲ್ಲಿ ಗಂಡ ಸೌದೆ ಒಟ್ಟುತ್ತಾ ಕೂತದ್ದು ಇವಳಿಗೆ ಗೊತ್ತಿಲ್ಲ. ಮಾತು ಮುಗಿದು ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಆಚೆಯಿಂದ ಕೆಮ್ಮಿದ ಸದ್ದು.

"ಹೂಂ ಕಣೇ. ನಂಗೂ ಅಷ್ಟೇಯ. ಯೋಳಕ್ಕೆ ನಾಚ್ಕೆ ಆಗದು."

ಮದುವೆಯಾದ ಮೇಲೆ ಆ ಮನುಷ್ಯ ಅಂಥ ಮಾತು ಆಡಿದ್ದು ಅದೇ ಮೊದಲಂತೆ. ಅವತ್ತಿನಿಂದ ತೋಟದ ಕೆಲಸಕ್ಕೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದಾನಂತೆ.

"ಈಗೇನ್ ಮಾಡ್ಲಿ ಮೇಡಂ? ನಾನು ಹೇಳಿದ್ದು ನಿಮಗಲ್ಲ, ಕನ್ನಡಿಗೆ ಅಂತ ಅವರಿಗೆ ಹೇಳ್ಬುಡ್ಲಾ?"

ಇಡೀ ಕ್ಲಾಸು ಒಟ್ಟಿಗೆ ಕಿರುಚಿತು: "ಬ್ಯಾಡ!"

ಖಾಲಿ ಪ್ಲಾಟ್‌ಫಾರಂ

ಒಂದು ಸಲ ಹಾಲಿನಲ್ಲಿ ರಿಪೇರಿ ಕೆಲಸ ನಡೆದು ನಮಗೆ ಜಾಗ ಇಲ್ಲದಂತಾಯಿತು. ಆ ದಿನಗಳಲ್ಲಿ ಹಳೇ ಹಳಿ ಕಿತ್ತು ದೊಡ್ಡ ಹಳಿ ಹಾಕುವುದಕ್ಕೆ ಅಂತ ಘಾಟಿಯ ರೈಲು ನಿಲ್ಲಿಸಿ ವರ್ಷಗಳೇ ಆಗಿದ್ದವು. ಸ್ಟೇಷನ್ನಿಗೆ ಯಾರೂ ಬರುತ್ತಿರಲಿಲ್ಲ. ಪ್ಲಾಟ್‌ಫಾರಂ ಮೇಲೆ ದನ ಮಲಗುತ್ತಿದ್ದವು. ಅಲ್ಲೇ ಮಾಡೋಣ ಅಂದೆ.

ಬೆಳಿಗ್ಗೆ ಮಂಜು ಕವಿದಿತ್ತು. ಟೇಪ್ ರೆಕಾರ್ಡರ್ ಇಟ್ಟು, ತಮಟೆಯ ಕ್ಯಾಸೆಟ್ ಹಾಕಿದೆ. ಹೆಂಗಸರು ಮೈ ಬಿಗಿದುಕೊಂಡು ನಿಂತೇ ಇದ್ದರು. ಬಯಲಿನಲ್ಲಿ ಕುಣಿಯುವುದು ಅಂದರೆ ಯಾರಿಗೆ ತಾನೇ ನಾಚಿಕೆ ಆಗುವುದಿಲ್ಲ?

"ಎಲ್ಲರೂ ಕಣ್ಣು ಮುಚ್ಚಿ," ಅಂದೆ. "ಈ ಪ್ರಪಂಚದಲ್ಲಿ ನಿಮ್ಮನ್ನ ಯಾರೂ ನೋಡ್ತಾ ಇಲ್ಲ. ಕೈ ಎತ್ತಬೇಕು ಅನ್ಸಿದ್ರೆ ಎತ್ತಿ. ಸೊಂಟ ಕುಣಿಸಬೇಕು ಅನ್ಸಿದ್ರೆ ಕುಣಿಸಿ."

ಅವರಿಗೆ ಧೈರ್ಯ ಬರಲಿ ಅಂತ ನಾನೂ ಕಣ್ಣು ಮುಚ್ಚಿದೆ. ಮೊದಲು ಸುಮ್ಮನೆ ತೂಗಿದೆ. ಆಮೇಲೆ ಅದೇನಾಯಿತೋ, ಕಾಲು ತಾನಾಗಿ ಎದ್ದಿತು. ಜನ್ಮದಲ್ಲಿ ಕುಣಿಯದ ಹಾಗೆ ಕುಣಿದೆ. ಹೊಟ್ಟೆ, ತೋಳು, ಗಲ್ಲ, ಅಷ್ಟು ವರ್ಷ ಬೇರೆಯವರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡದ್ದೆಲ್ಲ ಕುಣಿಯಿತು. ಸುತ್ತಲೂ ಬಳೆ ಸದ್ದು, ನಗು, ಧಪಧಪ ಹೆಜ್ಜೆ. ಎಲ್ಲರೂ ನಾಚಿಕೆ ಬಿಟ್ಟಿದ್ದಾರೆ ಅಂತ ಗೊತ್ತಾಗಿ ನನಗೆ ಅಳುವೇ ಬಂತು.

ಕ್ಯಾಸೆಟ್ ಮುಗಿಯಿತು. ಚಪ್ಪಾಳೆ ಕೇಳಿಸಿತು. ಗಂಡಸರ ಚಪ್ಪಾಳೆ.

ಕಣ್ಣು ಬಿಟ್ಟರೆ ಎದುರಿಗೆ ಹೊಸ ಹಳಿಯ ಮೇಲೆ ಕೈಯಲ್ಲಿ ತಳ್ಳುವ ಟ್ರಾಲಿ. ಅದರ ಬೆಂಚಿನ ಮೇಲೆ ಟೋಪಿ ಹಾಕಿದ ರೈಲ್ವೆ ಸಾಹೇಬರು, ಹಿಂದೆ ಟ್ರಾಲಿ ತಳ್ಳುವವರು. ಘಾಟಿಯ ಹಳಿ ನೋಡಿಕೊಂಡು ಸದ್ದಿಲ್ಲದೆ ಬಂದು ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಆಗಲೂ ಒಂದು ಕಾಲು ಎತ್ತಿಕೊಂಡೇ ಇದ್ದೆ.

"ಇಲ್ಲೇನ್ರೀ ನಡೀತಾ ಇರೋದು?" ಸಾಹೇಬರು ಗದರಿದರು.

ಉಸಿರು, ಗಮನ, ಆನಂದ, ಒಂದೂ ನೆನಪಿಗೆ ಬರಲಿಲ್ಲ. ಭೂಮಿ ಬಾಯಿಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ, ನಾನು ಹಿಡಿಸುವಷ್ಟು ಬಿಡಬೇಕಿತ್ತು ಅಷ್ಟೇ. ಹೆಂಗಸರೆಲ್ಲ ನನ್ನ ಹಿಂದೆ ಬಚ್ಚಿಟ್ಟುಕೊಂಡರು.

ಆಗ ಗುಂಪಿನಿಂದ ಒಬ್ಬಳು ಮುಂದೆ ಬಂದಳು. ಅಂಚೆ ಕಚೇರಿಯ ಗುಮಾಸ್ತರ ಹೆಂಡತಿ, ಹೆಸರು ಕೇಳಿದರೂ ನೆಲ ನೋಡುವ ಹೆಂಗಸು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಕೂಡ ಬಿಚ್ಚದೆ, ಸಾಹೇಬರನ್ನು ನೇರ ನೋಡಿ ಹೇಳಿದಳು:

"ರೈಲು ಬರ್ಲಿ ಅಂತ ಕುಣೀತಾ ಇದೀವಿ ಸಾರ್."

ಟ್ರಾಲಿಯವರು ಮುಖ ಆಚೆ ತಿರುಗಿಸಿಕೊಂಡರು, ಭುಜ ಅಲ್ಲಾಡುತ್ತಿತ್ತು. ಸಾಹೇಬರು ಟೋಪಿ ತೆಗೆದು, ಘಾಟಿಯ ಕಡೆ ಒಂದು ಸಲ ನೋಡಿ, ನಮ್ಮ ಕಡೆ ಒಂದು ಸಲ ನೋಡಿದರು.

"ಹಂಗಾದ್ರೆ ಯಾಕೆ ನಿಲ್ಲಿಸಿದ್ರಿ? ಇನ್ನೂ ಸ್ವಲ್ಪ ಜೋರಾಗಿ ಕುಣೀರಮ್ಮ," ಅಂದರು. "ನಮ್ಮ ಕೈಲಂತೂ ಆಗ್ತಾ ಇಲ್ಲ."