ಊರಿನ ಚಹರೆ ಉಳಿಸಲು ಹೋದ ಕಥೆ

ನಗರ ಯೋಜನೆಯ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಕಳೆದ ಮೇಲೆ ನನಗೆ ತಿಳಿದದ್ದು ಇಷ್ಟು: ಮೇಜಿನ ಮೇಲೆ ನಾವು ಎಷ್ಟೇ ಒಳ್ಳೆಯ ಮಾತು ಬರೆಯಲಿ, ಅದು ಜನರ ಬಾಗಿಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಬೇರೆ ಏನೋ ಆಗಿರುತ್ತದೆ. ತಿಂಗಳಿಗೊಂದಾದರೂ ಇಂಥದ್ದು ನಡೆಯುತ್ತದೆ. ಆದರೆ ಆ ಒಂದು ಹಳ್ಳಿಯಲ್ಲಿ ಆರು ತಿಂಗಳಲ್ಲಿ ಆದಷ್ಟು ನನ್ನ ಉಳಿದ ಸರ್ವಿಸ್ಸಿನಲ್ಲೆಲ್ಲ ಆಗಿಲ್ಲ.

ರಾಯಾಪುರದ ಹತ್ತಿರ ಹೆದ್ದಾರಿಯಿಂದ ಒಳಗೆ ಇಳಿದರೆ ಸಿಗುವ ಹಳ್ಳಿ ಅದು. ಆ ಕಡೆಯಿಂದ ಹುಬ್ಬಳ್ಳಿ, ಈ ಕಡೆಯಿಂದ ಧಾರವಾಡ ಬೆಳೆಯುತ್ತ ಬಂದು ನಡುವೆ ಅದನ್ನು ಒತ್ತಿ ಹಿಡಿದಿದ್ದವು. ಊರೊಳಗೆ ಹೋಗಲು ಕಲ್ಲಿನ ಹೆಬ್ಬಾಗಿಲು, ಅಂದರೆ ಅಗಸಿ. ಒಳಗೆ ಮಟ್ಟಸವಾದ ಮಣ್ಣಿನ ಛಾವಣಿಯ ಮಾಳಿಗೆ ಮನೆಗಳು, ಮನೆ ಮುಂದೆ ಕೂರುವ ಕಟ್ಟೆಗಳು. ಊರ ಹಿಂದಿನ ಹೊಲ ಕೊಂಡು ಲೇಔಟ್ ಮಾಡುತ್ತಿದ್ದ ವ್ಯಾಪಾರಿಯೊಬ್ಬರು, ತಮ್ಮ ಲಾರಿಗಳಿಗೆ ಅಗಸಿ ಅಡ್ಡ ಬರುತ್ತದೆ, ತೆಗೆಸಿ ಎಂದು ಅರ್ಜಿ ಕೊಟ್ಟಿದ್ದರು. ಅಷ್ಟರಲ್ಲಿ ನಮ್ಮ ಸಾಹೇಬರು ನನ್ನನ್ನು ಕರೆದು, “ಆ ಊರಿಗೆ ಒಂದು ಮಾರ್ಗಸೂಚಿ ಬರೀರಿ. ಏನು ಉಳೀಬೇಕು, ಹೊಸಾ ಮನಿ ಹೆಂಗಿರಬೇಕು, ಎಲ್ಲಾ ಬರಲಿ. ಲಗೂ ಆಗ್ಬೇಕು, ಇಲ್ಲಾಂದ್ರ ಉಳಸಾಕ ಏನೂ ಇರಂಗಿಲ್ಲ” ಎಂದರು.

ಸ್ಥಿರ ಆಸ್ತಿ

ಮೊದಲ ದಿನ ನಾನು ಮತ್ತು ನಮ್ಮ ಸರ್ವೇಯರ್ ಇಬ್ಬರೇ ಹೋದೆವು. ಮೊದಲ ಮನೆಯ ಕಟ್ಟೆಗೆ ಟೇಪು ಹಿಡಿದದ್ದೇ ತಡ, ಒಳಗಿಂದ ಒಬ್ಬ ಅಜ್ಜಿ ಬಂದು ಟೇಪಿನ ಮೇಲೆಯೇ ಕೂತಳು.

“ಏಳ್ರಿ ಅಮ್ಮಾ, ಅಳತಿ ತಗೋತೇವಿ” ಎಂದ ಸರ್ವೇಯರ್.

“ನನ್ನ ಮ್ಯಾಲಿಂದ ತಗೋ.”

ಹತ್ತು ನಿಮಿಷದಲ್ಲಿ ಓಣಿಯೆಲ್ಲ ತುಂಬಿತು. ಒಬ್ಬ ಗಟ್ಟಿ ಆಳು ಸರ್ವೇಯರನ ಕೈಯಿಂದ ಟೇಪಿನ ಇನ್ನೊಂದು ತುದಿ ಕಿತ್ತುಕೊಂಡ. “ಹೋದ ಸಲ ಹೆದ್ದಾರಿ ಅಂತ ಹೇಳಿ ಅಳಕೊಂಡು ಹ್ವಾದ್ರಿ. ಎಂಟು ದಿನಕ್ಕ ನಮ್ಮ ಕಾಕಾನ ಪಡಸಾಲಿ ರಸ್ತೇದಾಗ ಬಿದ್ದಿತ್ತು.”

“ನಾವು ಒಡ್ಯಾಕ ಬಂದಿಲ್ರಿ, ಉಳಸಾಕ ಬಂದೇವಿ” ಅಂದೆ.

“ಅವರೂ ಹಿಂಗ ನಕ್ಕೋಂತ ಬಂದಿದ್ರು!”

ನಾನು ನಗುತ್ತಿದ್ದೆ ಎಂಬುದು ಆಗಲೇ ನನಗೆ ಗೊತ್ತಾದದ್ದು. ಹೆದರಿಕೆಯಾದಾಗ ನನ್ನ ಮುಖ ಹಾಗೆ ಆಗುತ್ತದೆ. ತಿರುಗಿ ನೋಡಿದರೆ ಸರ್ವೇಯರ್ ಜೀಪಿನೊಳಗೆ ಕೂತು ಗಾಜು ಏರಿಸುತ್ತಿದ್ದ. ನಾನು ಅಜ್ಜಿಯ ಪಕ್ಕದಲ್ಲಿ ಕಟ್ಟೆಯ ಮೇಲೆಯೇ ಕೂತುಬಿಟ್ಟೆ.

ಅಜ್ಜಿ ನನ್ನನ್ನೇ ನೋಡಿ, “ಈ ಕಟ್ಟಿ ತಗೊಂಡು ಏನ್ ಮಾಡ್ತಿ ಯವ್ವಾ?” ಎಂದಳು.

ನಾನು ಹೇಳಿದೆ. ಸಂಜೆ ಮುಂದೆ ನೀವು ಇಲ್ಲಿ ಕೂಡುತ್ತೀರಿ, ಹೋಗುವವರು ಬರುವವರು ನಿಂತು ಮಾತಾಡುತ್ತಾರೆ. ನಾಳೆ ಹೊಸ ಮನೆಗಳು ಬಂದು ಆಳೆತ್ತರದ ಕಂಪೌಂಡ್ ಹಾಕಿದರೆ ಒಬ್ಬರ ಮುಖ ಒಬ್ಬರು ನೋಡುವುದು ಬಂದ್ ಆಗುತ್ತದೆ. ಅದಕ್ಕೇ, ಕಟ್ಟೆ ತೆಗೆಯಬಾರದು, ಹೊಸ ಮನೆಗೂ ಕಟ್ಟೆ ಇರಬೇಕು ಅಂತ ಬರೆಯುತ್ತಿದ್ದೇವೆ.

ಅಜ್ಜಿ ಟೇಪಿನ ಮೇಲಿಂದ ಸರಿದಳು. “ಹಂಗಾರ ಬರಕೋ. ಕಟ್ಟಿ ಒಂಬತ್ತು ಮೊಳ. ಮುದುಕಿ ಒಂದು. ಎರಡೂ ಅಲ್ಲಾಡಸೂಹಂಗಿಲ್ಲ.”

ಜೀಪಿನೊಳಗಿದ್ದ ಸರ್ವೇಯರ್ ಗಾಜಿನ ಸಂದಿಯಿಂದ ಕೇಳಿಸಿಕೊಂಡು, ಹೆದರಿ ಅದನ್ನು ಹಾಗೆಯೇ ಬರೆದುಕೊಂಡಿದ್ದ. ನಮ್ಮ ಕಡತದಲ್ಲಿ ಇವತ್ತಿಗೂ ಇದೆ, ಸ್ಥಿರ ಆಸ್ತಿಯ ಕಾಲಮ್ಮಿನಲ್ಲಿ: ಕಟ್ಟೆ ೧, ಮುದುಕಿ ೧.

ಚಹರೆ

ನಮ್ಮ ನಮೂನೆಯ ತಲೆಬರಹ ನಾನೇ ಹುಡುಕಿದ್ದು: ‘ಗ್ರಾಮದ ಚಹರೆ ಸಮೀಕ್ಷೆ’. ಚಂದದ ಮಾತು ಅಂತ ಹೆಮ್ಮೆಪಟ್ಟಿದ್ದೆ. ಪೊಲೀಸರು ಪೇಪರಿನಲ್ಲಿ ಕಾಣೆಯಾದವರ ಫೋಟೋ ಕೆಳಗೆ ‘ಚಹರೆ: ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ’ ಎಂದು ಹಾಕುತ್ತಾರಲ್ಲ, ಅದು ನನ್ನ ತಲೆಗೇ ಹೋಗಿರಲಿಲ್ಲ.

ಎರಡನೆಯ ವಾರ ಇನ್ನೊಂದು ಓಣಿಯ ಮೊದಲನೆಯ ಮನೆಯಲ್ಲಿ ನಮೂನೆ ಕೊಟ್ಟೆ. ಆ ಮನೆಯ ಸೊಸೆ ತಲೆಬರಹ ಓದಿದಳು. ನಮ್ಮ ಸರ್ಕಾರಿ ಜೀಪು ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

“ನಮ್ಮ ಮಾವಾರು ಮುಂಜಾನಿ ಧಾರವಾಡದ ಸಂತಿಗೆ ಹ್ವಾದವರು ಇನ್ನೂ ಬಂದಿಲ್ರಿ. ಫೋನೂ ಎತ್ತವಲ್ಲರು. ಎಲ್ಲಿ ಸಿಕ್ಕಾರ್ರಿ? ಹೆಂಗದಾರ್ರಿ?”

ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಅತ್ತೆ ಹೊರಗೆ ಬಂದು ಎದೆ ಎದೆ ಬಡಿದುಕೊಂಡು ಅಳತೊಡಗಿದಳು. ಓಣಿಯ ಹೆಂಗಸರು ಓಡಿ ಬಂದರು. ಗಂಡಸರು ಬೈಕು ಚಾಲೂ ಮಾಡಿದರು. ಒಬ್ಬ ಆಗಲೇ ದೂರದ ಬೀಗರಿಗೆ ಫೋನು ಹಚ್ಚಿದ್ದ. “ಅಲ್ರಿ, ಇದು ಮನಿಗಳ ಸಮೀಕ್ಷೆರಿ” ಎಂದು ನಾನು ಕೂಗುತ್ತಿದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ. ಒಂದು ಮನೆಯ ಮೇಲೆ ಇಂಥ ಸುದ್ದಿ ಎಸೆದುಬಿಟ್ಟಿದ್ದೆ.

ಅಷ್ಟರಲ್ಲಿ ಗುಂಪಿನ ಹಿಂದೆ ಒಬ್ಬ ಯಜಮಾನರು ಬಂದು ನಿಂತರು. ಕೈಯಲ್ಲಿ ಬದನೆಕಾಯಿ ತುಂಬಿದ ಚೀಲ. ಗಾಬರಿಯಿಂದ ಟೊಪ್ಪಿಗೆ ತೆಗೆದು, ಮುಂದಿನವನ ಹೆಗಲು ಮುಟ್ಟಿ ಮೆಲ್ಲಗೆ ಕೇಳಿದರು: “ಯಾರ್ ಹ್ವಾದ್ರೋ ತಮ್ಮಾ?”

ಅವನು ಅಳುತ್ತಲೇ ತಿರುಗಿ, “ನೀವರೀ ಕಾಕಾ” ಅಂದ.

ಆಮೇಲೆ ಅತ್ತೆಯ ಸಿಟ್ಟು ಗಂಡನ ಮೇಲೆ ತಿರುಗಿದ್ದರಿಂದ ನಾನು ಪಾರಾದೆ. ಆ ಸಂಜೆಯೇ ‘ಚಹರೆ’ ಹೊಡೆದು ‘ಸ್ವರೂಪ’ ಎಂದು ತಿದ್ದಿದೆ. ಸರ್ವೇಯರ್ ನೋಡಿ ಹೇಳಿದ: “ಛಲೋ ಆತ್ರಿ ಮೇಡಮ್. ಇನ್ನ ಭಜನಿಗೆ ಬಂದಾರ ಅಂತ ತಿಳೀತಾರ, ಅಡ್ಡಿಯಿಲ್ಲ.”

ಕೆಂಪು ಪೆನ್ನು

ಕರಡು ತಯಾರಾಯಿತು. ಗೋಡೆಗೆ ಸುಣ್ಣದ ಬಿಳಿ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಎರಡಕ್ಕಿಂತ ಹೆಚ್ಚು ಮಹಡಿ ಬೇಡ, ಅಗಸಿಗೆ ಕೈ ಹಚ್ಚಬಾರದು. ಪ್ರತಿ ಓಣಿಗೆ ಒಂದು ಪ್ರತಿ ಹಂಚಿದೆವು.

ಮೂರನೆಯ ದಿನ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದರು. ಬೌದ್ಧರ ಮನೆಯವರು. ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು, ಊರೆಲ್ಲ ಅವರಿಗೆ ಅಕ್ಕೋರು ಅನ್ನುತ್ತಿತ್ತು. ಕರಡನ್ನು ನನ್ನ ಮೇಜಿನ ಮೇಲೆ ಇಟ್ಟು ನಿಂತೇ ಇದ್ದರು.

“ನಕ್ಷಾದಾಗ ನಮ್ಮ ಓಣಿ ಎಲ್ಲೈತ್ರಿ?”

ಹುಡುಕಿದೆ. ನಮ್ಮ ನಕ್ಷೆ ಅಗಸಿಯ ಹತ್ತಿರ ಮುಗಿದಿತ್ತು. ಅವರ ಓಣಿ ಅಗಸಿಯ ಹೊರಗೆ.

“ನಮ್ಮಜ್ಜ ಈ ಅಗಸಿ ದಾಟಬೇಕಾದ್ರ ಚಪ್ಪಲಿ ತಗದು ಕೈಯಾಗ ಹಿಡೀತಿದ್ದ. ಊರಿನ ಸ್ವರೂಪ ಅಂತ ಬರದೀರಲ್ಲ, ಅದನ್ನೂ ಉಳಸಾವ್ರೇನು?”

ಸಾಹೇಬರು ಒಳಗಿನಿಂದ ಬಂದವರು ಅರ್ಧದಲ್ಲೇ ನಿಂತರು. “ತಪ್ಪಾತ್ರಿ ಅಕ್ಕೋರ” ಎಂದೆ. “ನೀವ ಹೇಳ್ರಿ, ಹೆಂಗ ಬರೀಬೇಕು?”

ಆಗ ಅವರು ಕೂತರು. “ಕಲ್ಲಿನ ಮ್ಯಾಲೆ ನನಗ ಸಿಟ್ಟಿಲ್ಲ. ಅಗಸಿ ಇರಲಿ. ಆದರ ನಮ್ಮ ಓಣಿನೂ ಊರ ಅಂತ ನಕ್ಷಾದಾಗ ಬರಬೇಕು, ಅಗಸಿ ಮುಂದ ಆ ಸಂಗತಿ ಬರದ ಒಂದು ಫಲಕ ಹಚ್ಚಬೇಕು. ಮತ್ತ ನನ್ನ ಮನಿ ನೀಲಿ ಬಣ್ಣದ್ದೈತಿ. ನನ್ನ ಪಗಾರದಾಗ ಕಟ್ಟಿಸಿದ್ದು. ಅದಕ್ಕ ಸುಣ್ಣ ಹಚ್ಚಂಗಿಲ್ಲ.”

ಮೂರನ್ನೂ ಅಲ್ಲೇ ಕೂತು ಬರೆದೆ. ಸಾಹೇಬರು ಸಹಿ ಹಾಕಿದರು. ಎಲ್ಲ ಮುಗಿದು ಅಕ್ಕೋರು ಹೋದ ಮೇಲೆ ಕರಡು ತೆರೆದು ನೋಡುತ್ತೇನೆ, ಪುಟಪುಟಕ್ಕೂ ಕೆಂಪು ಶಾಯಿ. ಅಲ್ಪಪ್ರಾಣ ಮಹಾಪ್ರಾಣ ಒಂದನ್ನೂ ಬಿಟ್ಟಿರಲಿಲ್ಲ. ಕೊನೆಯ ಪುಟದಲ್ಲಿ ದುಂಡಗೆ ಬರೆದಿದ್ದರು: ‘ವಿಷಯ ಸಾಧಾರಣ. ಕಾಗುಣಿತ ಕಳಪೆ. ಪಾಲಕರನ್ನು ಕರೆದುಕೊಂಡು ಬರುವುದು.’

ಸಾಹೇಬರು ಅದನ್ನು ಓದಿ, “ಪಾಲಕರು ಅಂದ್ರ ಇಲ್ಲಿ ನಾನನ?” ಎಂದು ಕೇಳಿದರು.

ತಂಪು

ಇದು ಸಣ್ಣದು. ಸಾಹೇಬರು ಒಂದು ಮಾಳಿಗೆ ಮನೆ ಸ್ವತಃ ನೋಡಬೇಕೆಂದರು. ಮೂರು ದಿನ ಮಳೆ ಹಿಡಿದು ಬಿಟ್ಟಿತ್ತು. ಆ ಮನೆಯವರು ಮಾಳಿಗೆ ಕೆಡವಿ ಆರ್‌ಸಿಸಿ ಹಾಕಲು ಪರವಾನಗಿ ಕೇಳಿದ್ದರು, ನಾವು ತಡೆಹಿಡಿದಿದ್ದೆವು. ಮನೆಯೊಡತಿ ಬಾಗಿಲು ತೆರೆದಳು. ಚಹಾ ಬರಲಿಲ್ಲ. ನಮ್ಮ ಕಡೆ ಚಹಾ ಬರಲಿಲ್ಲ ಅಂದರೆ ಸಂಗತಿ ಗಂಭೀರ ಎಂದರ್ಥ.

ಸಾಹೇಬರು ಗೋಡೆಗೆ ಅಂಗೈ ಹಚ್ಚಿ ಕಣ್ಣು ಮುಚ್ಚಿದರು. “ಆಹಾ, ಎಷ್ಟ್ ತಂಪೈತ್ರೀ ಗ್ವಾಡಿ!”

“ಹೌದ್ರಿ, ಹಸೀ ಐತಿ. ಒತ್ತಿ ಹಚ್ಚಬ್ಯಾಡ್ರಿ, ಕೈ ಆಚೀಕಡೆ ಹೋದೀತು.”

ಆ ರಾತ್ರಿಗೆ ಕಾಯದೆ ಸಾಹೇಬರು ಜೀಪಿನಲ್ಲೇ ಹೊಸ ಕಲಮು ಹೇಳಿ ಬರೆಸಿದರು: ಮುಂಭಾಗ ಹಳೆಯ ಮಾದರಿಯಲ್ಲಿರಲಿ, ಒಳಗೆ ಜನ ಸುಖವಾಗಿರಲಿ. ಇಡೀ ಮಾರ್ಗಸೂಚಿಯಲ್ಲಿ ಊರವರು ಒಪ್ಪಿ ತಲೆಯಾಡಿಸಿದ ಮೊದಲನೆಯ ವಾಕ್ಯ ಅದು.

ಜೆಸಿಬಿ ಮುಂದೆ

ಕೊನೆಗೆ ಆಕ್ಷೇಪಣೆ ಕೇಳುವ ಸಭೆ. ಊರ ಶಾಲೆಯ ಅಂಗಳದಲ್ಲಿ ಮುಂಜಾನೆ ಹನ್ನೊಂದಕ್ಕೆ. ಊರು ಎರಡು ಪಾಲಾಗಿತ್ತು. ಅಗಸಿ ಹೋದರೆ ರಸ್ತೆ ಅಗಲವಾಗಿ ತಮ್ಮ ಜಾಗಕ್ಕೂ ಬೆಲೆ ಬರುತ್ತದೆ ಎನ್ನುವವರು ಎಡಕ್ಕೆ, ಅಗಸಿ ಇರಲೇಬೇಕು ಎನ್ನುವವರು ಬಲಕ್ಕೆ. ಅಣ್ಣ ತಮ್ಮಂದಿರೇ ಎದುರು ಬದುರು ಕೂತಿದ್ದರು. ಹಿಂದಿನ ಸಾಲಿನಲ್ಲಿ ಪ್ಯಾಂಟು ಶರ್ಟಿನ ಹತ್ತಾರು ಹೊಸ ಮುಖಗಳು, ಲೇಔಟಿನಲ್ಲಿ ಜಾಗ ಹಿಡಿದವರು. ಲೇಔಟಿನ ವ್ಯಾಪಾರಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಮುಂದಿನ ಕುರ್ಚಿಯಲ್ಲಿ ಕೂತಿದ್ದರು.

ಅರ್ಧ ಗಂಟೆಯಲ್ಲಿ ಮಾತು ಏರಿ, ಒಬ್ಬರ ಅಂಗಿ ಇನ್ನೊಬ್ಬರ ಕೈಗೆ ಬಂತು. ಕುರ್ಚಿಗಳು ಬಿದ್ದವು. ಆಗಲೇ ದೂರದಲ್ಲಿ ಎಂಜಿನ್ನಿನ ಸದ್ದು. ಯಾರೋ ಓಡಿ ಬಂದು ಕೂಗಿದರು: “ಅಗಸಿ ಮುಂದ ಜೆಸಿಬಿ ಬಂದೈತ್ರೀ!”

ಸಭೆ ನಡೆಯುವಾಗಲೇ ಕೆಲಸ ಮುಗಿಸಿಬಿಡುವ ಏರ್ಪಾಡು. ನಾನು ಪೊಲೀಸರಿಗೆ ಫೋನು ಹಚ್ಚಿದರೆ ಎಂಗೇಜ್. ವ್ಯಾಪಾರಿ ಎದ್ದು ನಿಂತು, “ಹಳೇ ಕಲ್ಲಿನ ಸಲುವಾಗಿ ಊರ ಹಿಂದ ಉಳಿಯೂದು ಬ್ಯಾಡ್ರಿ. ನಾಕು ಕಲ್ಲು, ಎರಡು ಕಟ್ಟಿ, ಅದರಾಗ ಏನೈತಿ?” ಎಂದರು.

ಅಕ್ಕೋರು ಎದ್ದರು. ಕೈಯಲ್ಲಿ ಒಂದು ಬಣ್ಣದ ಹಾಳೆ. “ಏನೈತಿ ಅಂತ ನೀವ ಛಾಪಿಸೀರಲ್ರಿ” ಎಂದು, ಶಾಲೆಯಲ್ಲಿ ಪಾಠ ಓದುವಂತೆ ನಿಧಾನವಾಗಿ ಓದಿದರು: “‘ಶತಮಾನಗಳ ಭವ್ಯ ಅಗಸಿಯ ಮೂಲಕ ನಿಮ್ಮ ಕನಸಿನ ಮನೆಗೆ ಬನ್ನಿ. ಹಳ್ಳಿಯ ಸೊಗಡು, ಪಟ್ಟಣದ ಸೌಲಭ್ಯ.’ ಮ್ಯಾಲೆ ಫೋಟೋನೂ ಐತಿ. ಅಗಸಿದ್ದು.”

ಹಾಳೆ ಹಿಂದಿನ ಸಾಲಿಗೆ ಹೋಯಿತು. ಅಲ್ಲಿದ್ದವರೆಲ್ಲ ಒಮ್ಮೆಲೇ ಎದ್ದರು. “ಅಗಸಿ ತೋರಿಸಿ ಪ್ಲಾಟ್ ಕೊಟ್ಟೀರಿ, ಈಗ ಒಡಸಾಕತ್ತೀರಿ? ನಮಗ ಪ್ಲಾಟ ಬ್ಯಾಡ್ರಿ!”

ವ್ಯಾಪಾರಿ ಒಂದು ಕ್ಷಣ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಿಂದಿನ ಸಾಲು ನೋಡಿದರು. “ನಾ ಹೇಳೂದೂ ಅದನರೀ! ಅಗಸಿಗೆ ಕೈ ಹಚ್ಚವರ್ಯಾರು?” ಎಂದು ಜೆಸಿಬಿ ಡ್ರೈವರನಿಗೆ ಫೋನು ಮಾಡಿದರು. ಎಂಜಿನ್ನಿನ ಸದ್ದಿಗೆ ಅವನಿಗೆ ಏನು ಕೇಳಬೇಕು? ಎರಡು ಸಲ ಮಾಡಿದರು, ಮೂರು ಸಲ ಮಾಡಿದರು. ಆಮೇಲೆ ಧೋತರದ ಚುಂಗು ಎತ್ತಿಕೊಂಡು ಓಡಿದರು. ಅವರ ಹಿಂದೆ ಎಡದವರು, ಬಲದವರು, ಪ್ಲಾಟಿನವರು, ಸಾಹೇಬರು, ನಾನು.

ನಾವು ಅಲ್ಲಿಗೆ ಮುಟ್ಟಿದಾಗ ಜೆಸಿಬಿಯ ಕೈ ಅಗಸಿಯ ಕಮಾನಿನ ಮಟ್ಟಕ್ಕೆ ಏರಿತ್ತು. ವ್ಯಾಪಾರಿ ನೇರವಾಗಿ ಅದರ ಮುಂದೆ ಹೋಗಿ, ಎರಡೂ ತೋಳು ಚಾಚಿ, “ಮೊದಲ ನನ್ನ ಮ್ಯಾಲೆ ಹಾಯಿಸು!” ಎಂದು ಕೂಗಿದರು. ಡ್ರೈವರ್ ಬ್ರೇಕು ತುಳಿದ. ಸಭೆಯ ವರದಿಗೆ ಬಂದಿದ್ದ ಪೇಪರಿನವನು ಫೋಟೋ ಹೊಡೆದ.

ಅಗಸಿ ಉಳಿಯಿತು. ಲಾರಿಗಳಿಗೆ ಕೆರೆ ಪಕ್ಕದಿಂದ ದಾರಿ ಆಯಿತು, ಅಕ್ಕೋರ ಫಲಕ ಅಕ್ಕೋರ ಕಾಗುಣಿತದಲ್ಲೇ ಅಗಸಿಯ ಮುಂದೆ ನಿಂತಿತು. ಆದರೆ ಮರುದಿನದ ಪೇಪರಿನ ತಲೆಬರಹ: ‘ಜೀವ ಪಣಕ್ಕಿಟ್ಟು ಅಗಸಿ ಉಳಿಸಿದ ಉದ್ಯಮಿ’.

ಅದರ ಮರುದಿನ ಆ ಜೆಸಿಬಿ ಡ್ರೈವರ್ ನಮ್ಮ ಕಚೇರಿಗೆ ಬಂದ. ಕೈಯಲ್ಲಿ ಅದೇ ಪೇಪರು, ಮುಖ ಬಾಡಿತ್ತು.

“ಮೇಡಮ್, ಕರದವರು ಅವರರೀ. ಈಗ ಪೇಪರಿನ್ಯಾಗ ಅವರು ಹೀರೋ, ನಾನು ರಾಕ್ಷಸ. ಮನ್ಯಾಗ ಹೆಂಡ್ತಿ ರೊಟ್ಟಿ ಹಾಕವಲ್ಲಳು. ಅವರು ಕರದಿದ್ದಕ್ಕ ನಾ ಬಂದಿದ್ದೆ ಅಂತ ಒಂದು ನಿಮ್ಮ ಕಚೇರಿ ಸಿಕ್ಕಾ ಹಾಕಿದ ಕಾಗದಾ ಕೊಡ್ರಿ.”

ಅಂಥ ಕಾಗದ ಕೊಡಲು ನಮ್ಮಲ್ಲಿ ನಮೂನೆ ಇಲ್ಲ. ಪಾಪ ಅನಿಸಿ ನಾನೇ ಅವನ ಹೆಂಡತಿಗೆ ಫೋನು ಮಾಡಿ ಎಲ್ಲ ವಿವರಿಸಿದೆ. ಆಕೆ ಶಾಂತವಾಗಿ ಕೇಳಿಸಿಕೊಂಡಳು.

“ಅವರು ಕರದಿರಬೇಕ್ರಿ, ನಾ ಇಲ್ಲ ಅನ್ನಂಗಿಲ್ಲ. ಆದರ ಮೇಡಮ್, ಎದುರಿಗೆ ಒಬ್ಬ ಮನಷ್ಯಾ ಜೀವಾ ಕೊಡ್ತೇನಿ ಅಂತ ನಿಂತಾನ. ನಮ್ಮವರು ಫೋಟೋದಾಗ ಹಲ್ಲ ಕಿಸದು ನಗಾಕತ್ತಾರ. ಅದನ್ನೊಂದ ಕೇಳ್ರಿ.”

ಪೇಪರು ಕಣ್ಣ ಹತ್ತಿರ ಹಿಡಿದು ನೋಡಿದೆ. ಖರೇ. ಗಾಜಿನ ಹಿಂದೆ ಮೂವತ್ತೆರಡೂ ಹಲ್ಲು.

“ಯಾಕೋ?” ಅಂದೆ.

ಅವನು ತಲೆ ಕೆರೆದುಕೊಂಡ. “ಕ್ಯಾಮೆರಾ ಹಿಡದಿದ್ರಲ್ರಿ ಮೇಡಮ್... ಮಾರಿ ಗಂಟ ಹಾಕ್ಕೊಂಡ್ರ ಚಂದ ಕಾಣತೈತೇನ್ರಿ?”